ನೆಟ್ಟು ಬಿಗಿದ ಮೇಡಂ

ಹೋದ ವಾರ ತಂಗಿಯ ಬೀಗರ ಮನೆಗೆ ಹೋಗಿದ್ದೆ. ಅವರು ಒಳಗಿಂದ ಚಹಾ ತರುವುದರೊಳಗೆ ನಾನು ಹಿತ್ತಲಿಗೆ ಹೋಗಿ, ಅರಿವೆ ಒಣಹಾಕುವ ಹಗ್ಗ ಬಿಚ್ಚಿ, ಜಗ್ಗಿ, ಮತ್ತೆ ಬಿಗಿಯಾಗಿ ಕಟ್ಟಿ ಬಂದಿದ್ದೆ. ಯಾರೂ ಕಟ್ಟು ಅಂದಿರಲಿಲ್ಲ. ಹಗ್ಗ ನಡುವೆ ಜೋತುಬಿದ್ದು ಬೀಗರ ಧೋತರದ ಚುಂಗು ನೆಲ ಸಾರಿಸುತ್ತಿತ್ತು. ಅದನ್ನು ನೋಡಿಕೊಂಡು ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ತಂಗಿ ನನ್ನನ್ನು ನುಂಗುವ ಹಾಗೆ ನೋಡಿದಳು. ಬೀಗಿತ್ತಿ ಮಾತ್ರ ನಕ್ಕು, “ಇರ್ಲಿ ಬಿಡ್ರಿ ಅಕ್ಕಾರ. ನಮ್ಮ ಹೊರಸೂ ಒಂದು ಸಡ್ಲಾಗೈತಿ, ಅದನ್ನೂ ಒಂಚೂರು ನೋಡ್ರಿ” ಅಂದರು. ಅವರು ಚೇಷ್ಟೆಗೆ ಅಂದದ್ದು. ನಾನು ನಿಜವಾಗಿಯೂ ಆ ಹಗ್ಗದ ಮಂಚದ ಕಡೆ ಹೋದೆ.

ಇದು ನನ್ನ ಹಳೆಯ ರೋಗ. ಸಡಿಲಾದದ್ದು ಕಂಡರೆ ಕೈ ತುರಿಸುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಜಡೆ ಸಡಿಲಾಗಿದ್ದರೆ ಬೈಲಹೊಂಗಲದಿಂದ ಸವದತ್ತಿ ಮುಟ್ಟುವ ತನಕ ನನಗೆ ಜೀವ ಸಮಾಧಾನ ಇರುವುದಿಲ್ಲ. ನಗಬೇಡಿ. ಈ ಕೈಯಿಂದ ನಾನು ಒಮ್ಮೆ ಒಬ್ಬ ಹುಡುಗಿಯ ಬಾಳನ್ನೇ ಕೆಡಿಸಿಬಿಡುತ್ತಿದ್ದೆ. ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ, ಆದರೆ ಸ್ವಲ್ಪ ಸುತ್ತು ಹಾಕಿ ಬರುತ್ತೇನೆ. ನೇರವಾಗಿ ಹೇಳಿದ್ದೇ ಇಲ್ಲ ನಾನು ಯಾವುದನ್ನೂ.

ನಾನು ರಾಮದುರ್ಗದ ನೇಕಾರರ ಓಣಿಯವಳು. ಅಪ್ಪನದು ಕುಣಿಮಗ್ಗ. ಮಗ್ಗದ ಉದ್ದಕ್ಕೂ ಎಳೆದು ಕಟ್ಟಿದ ನೂಲಿಗೆ ಹಾಸು ಅನ್ನುತ್ತಾರೆ. ಅದು ಒಂದೆಳೆ ಸಡಿಲಾದರೂ ಸೀರೆ ಸುಕ್ಕು ಬೀಳುತ್ತದೆ, ಸುಕ್ಕು ಬಿದ್ದ ಸೀರೆಯನ್ನು ಸಾವಕಾರ ತಿರುಗಿಸಿ ಮುಖದ ಮೇಲೆ ಒಗೆಯುತ್ತಾನೆ. ಅಪ್ಪ ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುವ ಮೊದಲು ಹಾಸಿನ ಮೇಲೆ ಅಂಗೈ ತಟ್ಟಿ ನೋಡುತ್ತಿದ್ದರು. ನಮ್ಮ ಓಣಿಯಲ್ಲಿ ಯಾರನ್ನಾದರೂ ಬೈಯಬೇಕಾದರೆ ಕಳ್ಳ, ಸುಳ್ಳ ಅಂತ ಬೈಯುತ್ತಿರಲಿಲ್ಲ. “ಸಡ್ಲ ಮನಶ್ಯಾ” ಅಂದರೆ ಮುಗಿಯಿತು, ಅವನ ಮನೆಗೆ ಹೆಣ್ಣು ಕೊಡಲೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ನನ್ನದು. ಹೊರಗೆ ಹುಡುಗಿಯರು ಖೊಖೊ ಆಡುತ್ತಿದ್ದರೆ ನಾನು ಒಳಗೆ ಗಡಬಡಿಸಿ ಸುತ್ತುತ್ತಿದ್ದೆ, ಸುತ್ತಿದ್ದು ಸಡಿಲಾಗುತ್ತಿತ್ತು, ತಲೆಯ ಮೇಲೆ ಟಕ್ ಅಂತ ಒಂದು ಮೊಟಕು ಬೀಳುತ್ತಿತ್ತು. ಎಷ್ಟು ಮೊಟಕು ತಿಂದಿದ್ದೇನೆಂದರೆ, ಸಡಿಲ ಅನ್ನುವ ಮಾತು ಕೇಳಿದರೆ ಈಗಲೂ ಕೈ ತಾನೇ ತಲೆಗೆ ಹೋಗುತ್ತದೆ.

ಖೊಖೊ ಆಡಿ ಆಡಿಯೇ ನಾನು ಕಲಿತೆ, ಆಡಿ ಆಡಿಯೇ ನೌಕರಿ ಹಿಡಿದೆ. ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿರಬೇಕು, ಬೈಲಹೊಂಗಲದ ಒಂದು ಕಾಲೇಜಿಗೆ ಹೆಣ್ಣುಮಕ್ಕಳ ಆಟದ ಮೇಡಂ ಆಗಿ ಬಂದೆ. ಊರು ಬಿಟ್ಟು ಹೊರಟಿದ್ದ ಡಾಕ್ಟರರೊಬ್ಬರು ತಮ್ಮ ಮನೆಯಲ್ಲಿದ್ದ ಆರು ಟೆನಿಸ್ ರ‍್ಯಾಕೆಟ್ಟುಗಳನ್ನೂ ಒಂದು ಡಬ್ಬಿ ಚೆಂಡುಗಳನ್ನೂ ಕಾಲೇಜಿಗೆ ಕೊಟ್ಟು ಹೋದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

“ಹುಡಿಗ್ಯಾರಿಗೆ ಟೆನಿಸ್ ಸುರು ಮಾಡ್ರಿ ಮೇಡಂ.”

“ನನಗ ಟೆನಿಸ್ ಬರೂದಿಲ್ರಿ ಸರ್.”

“ಬರೂದಿಲ್ಲಂದ್ರ ಕಲೀರಿ. ಖೊಖೊದಾಗ ಎಲ್ಲಾ ಕಾಲೇಜೂ ಬರತಾವು. ಟೆನಿಸ್ಸಿಗೆ ನಾಕೋ ಐದೋ ಬರತಾವು. ಗೆಲ್ಲೂದು ಸಸಾರ ಅಲ್ಲೇನ್ರಿ?”

ಅದು ಪ್ರಿನ್ಸಿಪಾಲರ ಗಣಿತ. ಅವರು ಇತಿಹಾಸದವರು.

ಹೀಗೆ ನಾನು ಟೆನಿಸ್ ಕೋಚ್ ಆದೆ. ಗ್ರಂಥಾಲಯದಲ್ಲಿ ಆಟದ ನಿಯಮಗಳ ಒಂದು ಪುಸ್ತಕ ಸಿಕ್ಕಿತು. ಅಂಕಣದ ಅಳತೆ ಅದರಲ್ಲೇ ಇತ್ತು, ಆದರೆ ಅಂಕಣ ಮಾಡುವುದು ಹೇಗೆಂದು ಇರಲಿಲ್ಲ. ದೊಡವಾಡದಿಂದ ಬರುತ್ತಿದ್ದ ನಮ್ಮ ಸಿಪಾಯಿ, “ಅದೇನ್ ದೊಡ್ಡದರೀ, ರಾಶಿ ಮಾಡಾಕ ಕಣಾ ಮಾಡಂಗಿಲ್ಲೇನು?” ಅಂದ. ಎತ್ತು ಹೂಡಿ ಕಲ್ಲಿನ ಗುಂಡು ಉರುಳಿಸಿದ, ನೀರು ಹೊಡೆದ, ಮತ್ತೆ ಉರುಳಿಸಿದ. ಹುಡುಗಿಯರು ಸೆರಗು ದುಪ್ಪಟ್ಟ ಸೊಂಟಕ್ಕೆ ಕಟ್ಟಿಕೊಂಡು ಸೆಗಣಿ ಬಳಿದರು. ಅದರ ಮೇಲೆ ಸುಣ್ಣದ ಗೆರೆ ಎಳೆದಾಗ ನನಗೆ ಕುಣಿಯಬೇಕೆನ್ನಿಸಿತು. ಸುತ್ತ ಮುತ್ತ ಯಾರೂ ಇಲ್ಲದ್ದು ನೋಡಿ ಸ್ವಲ್ಪ ಕುಣಿದೆ ಕೂಡ.

ನೆಟ್ಟು ಹೆಣೆದು ಕೊಟ್ಟವರು ನಮ್ಮಪ್ಪ. ದಪ್ಪ ದಾರ ತಂದು ತಿಂಗಳು ಹೆಣೆದರು, ಮೇಲಂಚಿಗೆ ಒಂದು ಬಿಳಿಯ ಪಟ್ಟಿ ನೇಯ್ದು ಕೂಡಿಸಿದರು. ರಾಮದುರ್ಗದಿಂದ ತಾವೇ ಹೊತ್ತು ತಂದು, ಎರಡು ಕಂಬಗಳ ನಡುವೆ ಕಟ್ಟಿ, ಮಗ್ಗದ ಹಾಸು ಎಳೆದಂತೆ ಎಳೆದರು. ಬೆರಳಿನಿಂದ ಮಿಡಿದರೆ ಗುಂಯ್ ಅನ್ನುತ್ತಿತ್ತು. ಈ ತುದಿಯಿಂದ ಆ ತುದಿಗೆ ಒಂದೇ ಮಟ್ಟ. ಪುಸ್ತಕದಲ್ಲಿ ಮಾತ್ರ ನೆಟ್ಟಿನ ಎತ್ತರ ಕಂಬದ ಹತ್ತಿರ ಮೂರೂವರೆ ಅಡಿ, ನಡುವೆ ಮೂರು ಅಡಿ ಅಂತ ಬರೆದಿತ್ತು. ಅಪ್ಪನಿಗೆ ಓದಿ ಹೇಳಿದೆ. ಅಪ್ಪ ನಕ್ಕರು.

“ಅದು ಸಡ್ಲ ಮಂದಿಗೆ ಕೊಟ್ಟ ಮಾಫಿ ಬೇ. ಬಿಗಿಯಾಕ ಬರಲಾರದವರು ಅರ್ಧ ಅಡಿ ಜೋತಬಿಟ್ರ ನಡೀತೈತಿ ಅಂತ. ನಮಗ್ಯಾಕ ಆ ಮಾಫಿ?”

ಹೌದಲ್ಲ ಅನ್ನಿಸಿತು. ಆಟದ ಶಿಕ್ಷಣದಲ್ಲಿ ಡಿಗ್ರಿ ತೆಗೆದುಕೊಂಡವಳು ನಾನು, ಮೂರನೇ ಇಯತ್ತೆ ಓದಿದ ಅಪ್ಪನ ಮಾತನ್ನು ಒಪ್ಪಿ ಪುಸ್ತಕ ಮುಚ್ಚಿಟ್ಟೆ.

ಆಟಕ್ಕೆ ಸೇರಿದವರಲ್ಲಿ ಉಳಿದವರು ಇಬ್ಬರೇ. ಒಬ್ಬಳು ಉಗರಗೋಳದ ರೇಣುಕಾ. ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಕಾಯಿ ಕರ್ಪೂರ ಮಾರುವ ಅಂಗಡಿ ಅವರದು. ಮಂಗಳವಾರ, ಶುಕ್ರವಾರ ಅವಳು ಅಂಗಡಿಗೆ ಬೇಕು, ಹುಣ್ಣಿಮೆ ಬಂದರಂತೂ ವಾರಗಟ್ಟಲೆ ಮಾಯ. ಇನ್ನೊಬ್ಬಳು ದಿಲ್ಶಾದ್. ಇವಳ ಅಪ್ಪ ಇಮಾಮಸಾಬರು ರಾಮದುರ್ಗ, ಸವದತ್ತಿಯಿಂದ ಬೈಲಹೊಂಗಲದ ಮಿಲ್ಲಿಗೆ ಹತ್ತಿ ತರುವ ಟೆಂಪೊ ಡ್ರೈವರ್. ದಿಲ್ಶಾದ್ ಸಣಕಲಿ, ಮಾತು ಕಡಿಮೆ. ಸಲ್ವಾರ್ ಕಮೀಜಿನ ಮೇಲೆ ದುಪ್ಪಟ್ಟವನ್ನು ಅಡ್ಡ ಕಟ್ಟಿ ನಿಂತಳೆಂದರೆ ಚೆಂಡು ಎಲ್ಲಿಗೆ ಹೋದರೂ ಅಲ್ಲಿ ಅವಳಿರುತ್ತಿದ್ದಳು. ಅವಳ ಓಟ ನೋಡಿ ನಾನು ಕಲಿಸುವುದನ್ನೇ ಮರೆತು ನಿಂತಿದ್ದಿದೆ. ನಾನಾದರೂ ಏನು ಕಲಿಸುತ್ತಿದ್ದೆ? ಖೊಖೊದಲ್ಲಿ ಹೇಗೆ ತಟ್ಟನೆ ತಿರುಗಬೇಕು ಅಂತ ಕಲಿಸಿದೆ, ಉಸಿರು ಹಿಡಿಯುವುದು ಕಲಿಸಿದೆ. ಕಿತ್ತೂರಿನ ಕಾಲೇಜಿನವರೊಂದಿಗೆ ಒಂದು ಪಂದ್ಯ ಆಡಿಸೋಣವೆಂದು ಹೋದೆವು. ಅಲ್ಲಿ ಟೆನಿಸ್ ತಂಡವೇ ಇರಲಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಲ್ಲಿಯ ಮೇಡಂ ಕಬಡ್ಡಿ ಆಡುವ ಇಬ್ಬರ ಕೈಗೆ ನಮ್ಮವೇ ರ‍್ಯಾಕೆಟ್ ಕೊಟ್ಟು ನಿಲ್ಲಿಸಿದರು. ಗೆದ್ದೆವು. ಸಿಹಿ ಸಜ್ಜಕ ತಿನ್ನಿಸಿ ಕಳಿಸಿದರು.

ಧಾರವಾಡದಲ್ಲಿ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳಿಗೆ ಹೋದಾಗ ಸಜ್ಜಕದ ರುಚಿ ಇಳಿಯಿತು. ನಮ್ಮ ಸೆಗಣಿ ನೆಲದ ಮೇಲೆ ಚೆಂಡು ಮೊಣಕಾಲಿನ ತನಕ ಏಳುತ್ತಿತ್ತು, ಅಲ್ಲಿಯ ಸಿಮೆಂಟಿನ ಮೇಲೆ ಹಣೆಗೇ ಬರುತ್ತಿತ್ತು. ಆರು–ಸೊನ್ನೆಗೆ ಸೋತೆವು. ಎರಡನೇ ವರ್ಷ ಆರು–ಒಂದು. ಮಾರ್ಕೆಟ್ ಕಮಿಟಿಯ ಆವಾರದಲ್ಲಿ ಹತ್ತಿ ಹರಾಜಿನ ಸಿಮೆಂಟ್ ಕಟ್ಟೆಗಳಿವೆ, ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದಿರುತ್ತವೆ. ಅಲ್ಲಿಗೆ ನಮ್ಮ ನೆಟ್ಟನ್ನೇ ಒಯ್ದು ಬಿಗಿದು ಆಡಿಸತೊಡಗಿದೆ. ಚೆಂಡು ಎತ್ತರ ಏಳುವುದನ್ನು ದಿಲ್ಶಾದ್ ಒಂದೇ ವಾರದಲ್ಲಿ ಹಿಡಿದಳು. ಹಮಾಲರು ಬೀಡಿ ಹಚ್ಚಿಕೊಂಡು ಸಾಲಾಗಿ ಕುಳಿತು ನೋಡುತ್ತಿದ್ದರು. “ತಂಗೀ, ಆ ಮೂಲಿಗೆ ಹಾಕವಾ” ಅಂತ ಅವರೇ ಹೇಳಿಕೊಡುತ್ತಿದ್ದರು. ನನಗಿಂತ ಚೆನ್ನಾಗಿಯೇ ಹೇಳುತ್ತಿದ್ದರು.

ಒಮ್ಮೆ ದಿಲ್ಶಾದ್ ನನ್ನನ್ನು ಕೇಳಿದಳು, “ಮೇಡಂ, ಧಾರವಾಡದಾಗ ನೆಟ್ಟು ನಡುವ ತಗ್ಗ ಇದ್ದಂಗ ಇತ್ತಲ್ರಿ?”

“ಸಡ್ಲ ಬಿಟ್ಟಾರವಾ. ದೊಡ್ಡ ಊರಿನ ಮಂದಿ, ಯಾರಿಗೆ ಏನು ಕಾಳಜಿ?” ಅಂದೆ.

ಮೂರನೇ ವರ್ಷ ಅವಳದು ಕಡೆಯ ವರ್ಷ. ಅವಳಿಗೆ ನನ್ನಂತೆ ಆಟದ ಟೀಚರ್ ಆಗುವ ಆಸೆ. ಬಾಯಿ ಬಿಟ್ಟು ಹೇಳಿದವಳಲ್ಲ. ನನ್ನ ಸೀಟಿಯನ್ನು ಒರೆಸಿ ಇಡುವಾಗ ಒಂದು ಸಲ ಮೆಲ್ಲಗೆ ಕೊರಳಿಗೆ ಹಾಕಿಕೊಂಡು ನೋಡಿದ್ದನ್ನು ನಾನು ಕಂಡಿದ್ದೆ. ನಾನೇ ಇಮಾಮಸಾಬರ ಮನೆಗೆ ಹೋಗಿ ಮಾತು ತೆಗೆದೆ. ಅವರು ಬಹಳ ಹೊತ್ತು ಗಡ್ಡ ನೀವಿಕೊಂಡರು.

“ನೋಡ್ರಿ ಮೇಡಂ, ನಾ ಓದಿದಾಂವ ಅಲ್ಲ. ಆಟಾ ಕಲಿತೇನಿ ಅಂತ ಹುಡಿಗಿ ಧಾರವಾಡಕ್ಕ ಹೋಗಿ ಎರಡು ವರ್ಷ ಹಾಸ್ಟೆಲಿನ್ಯಾಗ ಇದ್ರ ನಮ್ಮ ಮಂದಿ ನನ್ನ ಕೇಳತಾರ. ಅವರಿಗೆ ನಾ ಏನರೆ ತೋರಸ್ಬೇಕಲ್ರಿ? ಯುನಿವರ್ಸಿಟಿ ಟೀಮಿನ್ಯಾಗ ಇಕಿ ಹೆಸರು ಬರ್ಲಿ, ನಾನ ಟ್ರಂಕ್ ಹೊತ್ತುಕೊಂಡು ಹೋಗಿ ಬಿಟ್ಟು ಬರತೇನಿ. ಬರಲಿಲ್ಲಂದ್ರ ಡಿಗ್ರಿಗೆ ಸಾಕು ಮಾಡೂನು.”

ಬಾಗಿಲ ಹಿಂದೆ ದಿಲ್ಶಾದಳ ಬಳೆ ಸಪ್ಪಳ ನಿಂತುಹೋಯಿತು. ಟೀಮಿನಲ್ಲಿ ಹೆಸರು ಬರಬೇಕಾದರೆ ಆಯ್ಕೆಯವರ ಕಣ್ಣೆದುರು ಮೊದಲ ಪಂದ್ಯವನ್ನಾದರೂ ಗೆಲ್ಲಬೇಕು. ನಾವು ಅಲ್ಲಿ ಇನ್ನೂ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಹಿಂದಿನ ಎರಡು ವರ್ಷ ನಾವು ಬಸ್ಸಿನಲ್ಲಿ ಹೋಗಿ, ತಡವಾಗಿ ಮುಟ್ಟಿ, ಓಡುತ್ತಲೇ ಅಂಕಣಕ್ಕೆ ಇಳಿದವರು. ಈ ಸಲ ಇಮಾಮಸಾಬರು ಖಾಲಿ ಟೆಂಪೊದಲ್ಲಿ ತಾವೇ ಕರೆದುಕೊಂಡು ಹೋದರು. ಪಂದ್ಯಕ್ಕೆ ಒಂದು ತಾಸು ಮೊದಲೇ ಮುಟ್ಟಿದೆವು. ಹುಡುಗಿಯರು ನಾಷ್ಟಾಕ್ಕೆ ಹೋದರು. ಅಂಕಣದಲ್ಲಿ ನಾನೊಬ್ಬಳೇ. ನನ್ನೆದುರು ನೆಟ್ಟು.

ನಡುವೆ ಜೋತುಬಿದ್ದಿತ್ತು. ಎರಡು ವರ್ಷ ಓಡುವ ಗಡಿಬಿಡಿಯಲ್ಲಿ ನೋಡಿ ಬಿಟ್ಟಿದ್ದೆ, ಈಗ ಒಂದು ತಾಸು ಅದರ ಮುಂದೆ ಕೂರಬೇಕು. ನಾನು ಕೂತೆ. ಎದ್ದೆ. ಮತ್ತೆ ಕೂತೆ. ಕಂಬದಲ್ಲಿ ತಿರುಗಿಸಿ ಬಿಗಿಯುವ ಹಿಡಿಕೆ ಇತ್ತು. ನಡುವೆ ಮಾತ್ರ ಒಂದು ಬಿಳಿ ಪಟ್ಟಿ ನೆಟ್ಟನ್ನು ಕೆಳಗೆ ಜಗ್ಗಿ ನೆಲದ ಕೊಂಡಿಗೆ ಸಿಕ್ಕಿಸಿತ್ತು. ಗಾಳಿಗೆ ಹಾರದಿರಲೆಂದು ಯಾರೋ ಸೋಮಾರಿ ಕಟ್ಟಿದ್ದಿರಬೇಕು, ಬಿಗಿದ ಮೇಲೆ ಇದರ ಕೆಲಸವೇನು ಅಂದುಕೊಂಡು ಅದನ್ನು ಬಿಚ್ಚಿದೆ. ಕಳೆದುಹೋಗಬಾರದೆಂದು ನೀಟಾಗಿ ಮಡಚಿ ನನ್ನ ಚೀಲದಲ್ಲಿಟ್ಟೆ. ಹಿಡಿಕೆ ತಿರುಗಿಸಿದೆ. ಮೇಲಂಚು ಒಂದೇ ಮಟ್ಟಕ್ಕೆ ಬಂತು. ಬೆರಳಿನಿಂದ ಮಿಡಿದೆ, ಗುಂಯ್ ಅಂದಿತು. ಅಪ್ಪ ಇದ್ದಿದ್ದರೆ ಶಾಭಾಸ್ ಅನ್ನುತ್ತಿದ್ದರು ಅಂದುಕೊಂಡು ಖುಷಿಯಿಂದ ಹೋಗಿ ಇಡ್ಲಿ ತಿಂದೆ.

ಆ ಅಂಕಣದಲ್ಲಿ ದಿನದ ಮೊದಲ ಪಂದ್ಯವೇ ದಿಲ್ಶಾದಳದು. ಒಂದೇ ಸೆಟ್ಟು, ಆರು ಗೇಮ್ ಗೆದ್ದವರು ಗೆದ್ದಂತೆ. ಎದುರಿಗೆ ಧಾರವಾಡದ ಒಂದು ಕಾಲೇಜಿನ ಹುಡುಗಿ, ಬಿಳಿ ಸ್ಕರ್ಟು, ಕೈಯಲ್ಲಿ ಹೊಸ ರ‍್ಯಾಕೆಟ್ಟು. ಚೆಂಡು ಹೊಡೆದರೆ ಪಟಾಕಿಯ ಸಪ್ಪಳ. ಆದರೆ ಆ ಹುಡುಗಿ ಹೊಡೆದದ್ದು ನೆಟ್ಟಿಗೆ ಹೋಗಿ ಬಿತ್ತು. ಮತ್ತೆ ನೆಟ್ಟು. ಮತ್ತೊಂದು, ಅದೂ ನೆಟ್ಟು. ನಮ್ಮ ದಿಲ್ಶಾದಳ ಒಂದು ಚೆಂಡೂ ನೆಟ್ಟು ಮುಟ್ಟಲಿಲ್ಲ. ಒಂದು–ಸೊನ್ನೆ, ಎರಡು–ಸೊನ್ನೆ, ಮೂರು–ಒಂದು. ತಂತಿ ಬೇಲಿಯ ಹೊರಗೆ ಇಮಾಮಸಾಬರು ಟೊಪ್ಪಿಗೆ ತೆಗೆದು ಹಾಕುವುದು ನಡೆದಿತ್ತು. ಬೇವಿನ ಗಿಡದ ಕೆಳಗೆ ಕುಳಿತಿದ್ದ ಆಯ್ಕೆ ಸಮಿತಿಯ ಇಬ್ಬರು ಚಹಾದ ಕಪ್ಪು ಕೆಳಗಿಟ್ಟು ನಮ್ಮ ಹುಡುಗಿಯ ಕಡೆ ತಿರುಗಿದರು. ನಾಲ್ಕು–ಎರಡು. ಐದು–ಎರಡು. ಇನ್ನೊಂದೇ ಗೇಮ್. ನಾನು ಬೆಂಚಿನ ತುದಿಗೆ ಬಂದು ಕುಳಿತಿದ್ದೆ, ರೇಣುಕಾಳ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳ ಬಳೆ ಒಡೆಯಿತು.

ಪಕ್ಕದ ಬೆಂಚಿನಲ್ಲಿ ಅವರ ಕೋಚ್ ಇದ್ದರು, ತಲೆ ನೆರೆತ ಸಭ್ಯ ಮನುಷ್ಯ. ತಮ್ಮಷ್ಟಕ್ಕೆ ತಾವು, “ಏನಾಗೈತಿ ಇಕಿಗೆ? ನಡುವ ಹಾಕವಾ, ಅಲ್ಲೆ ಅರ್ಧ ಅಡಿ ತಗ್ಗ ಇರತೈತಿ ಅಂತ ಸಾವಿರ ಸಲ ಹೇಳೇನಿ. ಹಂಗ ಹಾಕಿದ್ದೆಲ್ಲಾ ನೆಟ್ಟಿಗೆ ಹೊಂಟೈತಿ” ಅಂದರು.

ಗೆಲ್ಲುವ ಹುರುಪಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. “ತಗ್ಗ ಯಾಕ ಇರತೈತ್ರಿ ಸರ್? ಬಿಗಿಯಾಕ ಬರೂದಿಲ್ಲಂತ ಜೋತಬಿಟ್ಟಿರತಾರಲ್ಲ?”

ಅವರು ನಕ್ಕರು. “ಜೋತಬಿಡೂದಲ್ರಿ ಮೇಡಂ. ಅದು ನಿಯಮ. ನಡುವ ಪಟ್ಟಿ ಕಟ್ಟಿ ಮೂರಡಿಗೆ ಇಳಸ್ತಾರ. ಎಲ್ಲಾ ಕಡೆ ಹಂಗ.”

ನನ್ನ ತೊಡೆಯ ಮೇಲೆ ಚೀಲ ಇತ್ತು. ಚೀಲದಲ್ಲಿ ಪಟ್ಟಿ ಇತ್ತು. ಅಪ್ಪ ಮಾಫಿ ಅಂದ ಪುಸ್ತಕದ ಸಾಲು ಮಾಫಿಯಾಗಿರಲಿಲ್ಲ. ಮೂರು ವರ್ಷ ನಾನು ಈ ಹುಡುಗಿಯನ್ನು ತಪ್ಪು ನೆಟ್ಟಿನ ಮೇಲೆ ಆಡಿಸಿದ್ದೆ, ಇವತ್ತು ಆ ತಪ್ಪನ್ನು ಧಾರವಾಡದ ತನಕ ತಂದು ಎದುರಿನವರ ಮೇಲೂ ಹೇರಿದ್ದೆ. ಯಾರಿಗೂ ಗೊತ್ತಿಲ್ಲ. ಅಂಪೈರ್ ನೋಡಿಲ್ಲ. ಇನ್ನೊಂದು ಗೇಮ್, ನಾಲ್ಕು ನಿಮಿಷ. ಸುಮ್ಮನಿದ್ದುಬಿಡು ಅಂತ ನನ್ನ ಒಳಗೆ ಒಬ್ಬಳು ಅಂದಳು. ನಿಜ ಹೇಳುತ್ತೇನೆ, ಅವಳ ದನಿಯೇ ದೊಡ್ಡದಾಗಿತ್ತು.

ಬದಿ ಬದಲಿಸುವ ಹೊತ್ತು. ದಿಲ್ಶಾದ್ ನೀರು ಕುಡಿಯಲು ಬಂದಳು, ಮುಖ ಕೆಂಪಗೆ ಹೊಳೆಯುತ್ತಿತ್ತು. ಆ ಮುಖ ನೋಡಿ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಮೂರೇ ಮಾತಿನಲ್ಲಿ ಹೇಳಿದೆ. ಚೀಲ ತೆರೆದು ಪಟ್ಟಿ ತೋರಿಸಿದೆ. ಅವಳು ಪಟ್ಟಿ ನೋಡಿದಳು, ಬೇಲಿಯ ಆಚೆ ನಿಂತ ಅಪ್ಪನನ್ನು ನೋಡಿದಳು.

“ಒಂದ ಗೇಮ್ ಉಳದೈತ್ರಿ ಮೇಡಂ.”

“ಗೊತ್ತೈತಿ ನಂಗ.”

ರ‍್ಯಾಕೆಟ್ಟಿನ ಹಿಡಿಯನ್ನು ದುಪ್ಪಟ್ಟದಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ ನನ್ನ ಮುಖ ನೋಡದೆ, “ಹೋಗಿ ಹೇಳ್ರಿ” ಅಂದಳು.

ಅಂಪೈರ್ ಮುಂದೆ ಪಟ್ಟಿ ಹಿಡಿದು ನಿಂತ ನನ್ನ ಅವಸ್ಥೆ ಕೇಳಬೇಡಿ. “ನೀವ ಬಿಚ್ಚಿದ್ರಿ? ಯಾಕ?” ಅಂದರು. “ಸಡ್ಲ ಕಂಡಿತ್ರಿ” ಅಂದೆ. ಸುತ್ತ ನಿಂತವರು ನಕ್ಕ ನಗು ಈಗಲೂ ಕಿವಿಯಲ್ಲಿದೆ. ಆಯ್ಕೆಯವರಲ್ಲಿ ಒಬ್ಬರು ಎದ್ದು ಬಂದರು, ಮಾತಾಡಿಕೊಂಡರು. ಪಟ್ಟಿ ಕಟ್ಟಿ, ನೆಟ್ಟು ಇಳಿಸಿ, ಸೊನ್ನೆಯಿಂದ ಮತ್ತೆ ಆಡಬೇಕು ಅಂತ ತೀರ್ಮಾನವಾಯಿತು. ಅವರ ಕೋಚ್ ನನ್ನ ಹತ್ತಿರ ಬಂದು, “ನೀವು ಹೇಳದಿದ್ರ ನನಗ ಗೊತ್ತ ಆಗ್ತಿರಲಿಲ್ರಿ” ಅಂದರು. ಇಮಾಮಸಾಬರು ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತಿದ್ದರು. “ಏನ್ ಮಾಡಿದ್ರಿ ಮೇಡಂ? ಗಾಡಿ ಮನಿ ಮುಂದ ಬಂದ ಮ್ಯಾಲೆ ತಿರುಗಿಸಿ ರಾಮದುರ್ಗಕ್ಕ ಹೊಡದಂಗಾತಲ್ರಿ” ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮತ್ತೆ ಶುರುವಾಯಿತು. ಧಾರವಾಡದ ಹುಡುಗಿಯ ಪಟಾಕಿಗಳು ಈಗ ನೆಟ್ಟಿಗೆ ಬೀಳಲಿಲ್ಲ, ನಡುವಿನ ತಗ್ಗಿನಿಂದ ಸುಂಯ್ ಅಂತ ಬಂದವು. ಸೊನ್ನೆ–ಎರಡು. ಒಂದು–ಎರಡಾದಾಗ ದಿಲ್ಶಾದ್ ಬೆಂಚಿಗೆ ಬಂದಳು, ನನ್ನ ಕಡೆ ನೋಡಲಿಲ್ಲ. ಒಂದು–ಮೂರು. ನಾನು ಮುಗಿಸಿದೆ, ನನ್ನ ಕೈಯಿಂದಲೇ ಇವಳ ದಾರಿ ಕಡಿದೆ ಅಂತ ಕಣ್ಣು ಮುಚ್ಚಿ ಕುಳಿತೆ. ಟಪ್ ಅಂತ ಒಂದು ಸಪ್ಪಳ ಕೇಳಿಸಿತು, ಬೇರೆಯದೇ ಸಪ್ಪಳ. ಕಣ್ಣು ಬಿಟ್ಟರೆ ದಿಲ್ಶಾದಳ ಚೆಂಡು ನೆಟ್ಟಿನ ನಡುವೆ ಬಿಳಿ ಪಟ್ಟಿಯನ್ನು ಸವರಿಕೊಂಡು ಹೋಗಿ ಆಚೆಯ ಮೂಲೆಯಲ್ಲಿ ಬಿದ್ದಿತ್ತು. ಅವಳಿಗೇ ಆಶ್ಚರ್ಯ. ಮುಂದಿನದನ್ನೂ ಅಲ್ಲಿಗೇ ಹಾಕಿದಳು, ಇನ್ನಷ್ಟು ಜೋರು. ಎರಡು–ಮೂರು. ಬೆಂಚಿಗೆ ಬಂದವಳು ನೆಟ್ಟಿನ ತಗ್ಗನ್ನೇ ನೋಡುತ್ತ ನಿಂತಳು.

“ಮೇಡಂ, ಇಷ್ಟ ದಿನ ಇದು ಎಲ್ಲಿತ್ರಿ?”

ನನ್ನ ಚೀಲದಾಗ ಅನ್ನಬೇಕೆಂದುಕೊಂಡವಳು ನೀರು ಕುಡಿಸಿ ಕಳಿಸಿದೆ.

ಮುಂದಿನದು ಹೇಳುವಾಗ ಈಗಲೂ ನಾನು ಕುಳಿತಲ್ಲಿಂದ ಏಳುತ್ತೇನೆ. ಮೂರು ವರ್ಷ ಅರ್ಧ ಅಡಿ ಹೆಚ್ಚು ಎತ್ತರದ ನೆಟ್ಟು ದಾಟಿಸಿ ದಾಟಿಸಿ ಆಡಿದ ಹುಡುಗಿಗೆ ಈಗ ನಡುವೆ ಒಂದು ಬಾಗಿಲು ತೆರೆದಿತ್ತು. ಮೂರು–ಮೂರು. ಮೂರು–ನಾಲ್ಕು. ನಾಲ್ಕು–ನಾಲ್ಕು. ಎದುರಿನ ಹುಡುಗಿ ಮೂಲೆಗೆ ಹಾಕಿದ್ದನ್ನೆಲ್ಲ ಇವಳು ಓಡಿ ಹಿಡಿದಳು, ತಟ್ಟನೆ ತಿರುಗಿದಳು, ಅದು ಮಾತ್ರ ನಾನು ಕಲಿಸಿದ್ದು. ಐದು–ನಾಲ್ಕು. ಬೇಲಿಗೆ ಜನ ಸೇರಿದ್ದರು, ಇಮಾಮಸಾಬರು ಯಾರದೋ ಹೆಗಲು ಹಿಡಿದು ಕುಪ್ಪಳಿಸುತ್ತಿದ್ದರು. ಕಡೆಯ ಪಾಯಿಂಟಿನಲ್ಲಿ ಚೆಂಡು ನೆಟ್ಟಿನ ಆಚೆ ಈಚೆ ಹದಿನೆಂಟೋ ಇಪ್ಪತ್ತೋ ಸಲ ಹೋಯಿತು. ಎಣಿಸುವುದನ್ನು ಬಿಟ್ಟು ನಾನು ಬೆಂಚಿನ ಮೇಲೆ ಹತ್ತಿ ನಿಂತೆ. ಆ ಹುಡುಗಿ ಮುಂದೆ ಬಂದು ನಿಂತು ದಾರಿ ಮುಚ್ಚಿದಳು. ದಿಲ್ಶಾದ್ ನಡುವೆ ಹಾಕಲಿಲ್ಲ. ಮಾರ್ಕೆಟ್ಟಿನ ಹಮಾಲರು ಹೇಳುತ್ತಿದ್ದರಲ್ಲ, ಆ ಮೂಲೆಗೇ ಹಾಕಿದಳು.

ಆರು–ನಾಲ್ಕು. ನಾನು ಬೆಂಚಿನ ಮೇಲಿಂದ ಬಿದ್ದೆ.

ರೇಣುಕಾ ತನ್ನ ಸಿಂಗಲ್ಸ್ ಸೋತಳು, ಇಬ್ಬರೂ ಕೂಡಿ ಡಬಲ್ಸ್ ಸೋತರು, ನಮ್ಮ ತಂಡ ಅಲ್ಲಿಗೆ ಹೊರಬಿತ್ತು. ಪ್ರಿನ್ಸಿಪಾಲರ ಗಣಿತ ಆ ವರ್ಷವೂ ತಪ್ಪಾಯಿತು. ಸಂಜೆ ನಾಲ್ಕಕ್ಕೆ ಆಯ್ಕೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದರು. ಇಮಾಮಸಾಬರು ಜನರನ್ನು ಸರಿಸಿಕೊಂಡು ಮುಂದೆ ಹೋಗಿ, “ನಂಗ ಓದಾಕ ಬರೂದಿಲ್ಲ, ಯಾವ ಸಾಲಿನ್ಯಾಗ ಐತಿ, ಬೆರಳ ಇಟ್ಟು ತೋರಸ್ರಿ” ಅಂದರು. ನಾಲ್ಕನೇ ಸಾಲು. ಅವರ ಬೆರಳನ್ನು ನಾನೇ ಹಿಡಿದು ಆ ಹೆಸರಿನ ಮೇಲಿಟ್ಟೆ. ಬಹಳ ಹೊತ್ತು ತೆಗೆಯಲಿಲ್ಲ ಅವರು.

ಟೆಂಪೊದ ಹಿಂದೆ ತಾಡಪತ್ರಿ ಹಾಸಿಕೊಂಡು ಕುಳಿತೆವು. ರೇಣುಕಾ ಶೇಂಗಾ ತಿನ್ನುತ್ತಿದ್ದಳು. ನನಗೆ ಗೆದ್ದ ಸಂತೋಷ ಒಂದು ಕಡೆ, ಎದೆಯಲ್ಲಿ ಚುಚ್ಚುವುದು ಇನ್ನೊಂದು ಕಡೆ. ಊರು ಹತ್ತಿರ ಬಂದಾಗ ತಡೆಯಲಾರದೆ ಹೇಳಿದೆ, “ತಪ್ಪಾತವಾ ದಿಲ್ಶಾದ್. ಗೆದ್ದ ಐದು ಗೇಮ್ ನನ್ನಿಂದ ಕಳಕೊಂಡಿ.”

ಅವಳು ರೇಣುಕಾಳ ಶೇಂಗಾದಲ್ಲಿ ಒಂದನ್ನು ತೆಗೆದು ಸುಲಿದಳು. ಆಮೇಲೆ ಆ ದಿನ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು.

“ಆ ಐದು ನಿಮ್ಮವು ಇದ್ದವ್ರಿ ಮೇಡಂ. ಈ ಆರು ನನ್ನವು.”